ಆಯುಧ ಪೂಜೆ ವರ್ಷಕ್ಕೆ ನಾಲ್ಕು ಸಲ

ನಮ್ಮ ಮನೆಗಳಲ್ಲಿ ಯಂತ್ರಗಳಿಗೆ ಮರ್ಯಾದೆ ಸಿಗುವುದು ವರ್ಷಕ್ಕೆ ಒಂದೇ ದಿನ. ಆಯುಧ ಪೂಜೆಯಂದು ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳಕಾಯಿ ಒಡೆದರೆ ಮುಗಿಯಿತು. ಮಿಕ್ಸಿ, ವಾಷಿಂಗ್ ಮಷಿನ್, ಲ್ಯಾಪ್‌ಟಾಪ್‌ಗೂ ಒಂದೊಂದು ಕುಂಕುಮದ ಬೊಟ್ಟು. ಮರುದಿನದಿಂದ ಅವು ಕೆಟ್ಟು ನಿಲ್ಲುವವರೆಗೆ ಯಾರೂ ಅತ್ತ ತಿರುಗಿ ನೋಡುವುದಿಲ್ಲ. ಆಫೀಸಿನಲ್ಲಿ ಸರ್ವರ್‌ಗಳಿಗೆ ತಿಂಗಳ ವೇಳಾಪಟ್ಟಿ ಹಾಕಿಕೊಂಡು ಮೇಂಟೆನೆನ್ಸ್ ಮಾಡುವ ನಾವೇ, ಮನೆಯ ಗೀಸರನ್ನು ಐದು ವರ್ಷ ಒಮ್ಮೆಯೂ ಬಿಚ್ಚಿಸದೆ ಬಳಸುತ್ತೇವೆ.

ಊರಿನಲ್ಲಿದ್ದರೆ ಇದು ಹೇಗೋ ನಡೆದುಹೋಗುತ್ತದೆ. ಅಪ್ಪನ ಕಾಲದಿಂದ ಬರುತ್ತಿದ್ದ ಎಲೆಕ್ಟ್ರಿಷಿಯನ್ ಇರುತ್ತಾನೆ. ಯಾವ ವೈರು ಎಲ್ಲಿ ಹೋಗಿದೆ ಎಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಹೈದರಾಬಾದಿನಂಥ ನಗರದಲ್ಲಿ ಆಪ್ ತೆರೆದು ಬುಕ್ ಮಾಡಿದರೆ ಬರುವ ಹುಡುಗ ಪ್ರತಿ ಸಲವೂ ಹೊಸಬ. ನಮ್ಮ ಮನೆಯ ಯಂತ್ರಗಳ ಪೂರ್ವಾಪರ ಅವನಿಗೆ ತಿಳಿದಿಲ್ಲ. ಅದನ್ನು ತಿಳಿದಿರಬೇಕಾದವರು ನಾವೇ.

ಅದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಯುಗಾದಿ, ಮೃಗಶಿರ, ಆಯುಧ ಪೂಜೆ, ಸಂಕ್ರಾಂತಿ. ಈ ನಾಲ್ಕು ಹೊತ್ತಿನಲ್ಲಿ ಒಂದೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಯಂತ್ರಗಳಿಗೆ. ಮೊಬೈಲಿನ ರಿಮೈಂಡರನ್ನು ಸ್ವೈಪ್ ಮಾಡಿ ಮರೆಯಬಹುದು, ಹಬ್ಬವನ್ನು ಮರೆಯಲು ಅಕ್ಕಪಕ್ಕದವರು ಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ನಾಲ್ಕೂ ಋತು ಬದಲಾಗುವ ಹೊತ್ತು. ಹೈದರಾಬಾದಿನಲ್ಲಿ ಯಂತ್ರಗಳನ್ನು ಹಾಳುಮಾಡುವುದು ಮೂರೇ ಸಂಗತಿ: ಗಡಸು ನೀರು, ಬಿಸಿಲು, ಒಮ್ಮೆಲೇ ಸುರಿಯುವ ಮಳೆ. ಮೂರಕ್ಕೂ ಅದದರ ಕಾಲವಿದೆ.

ಮೊದಲು ನೀರಿನ ವಿಷಯ

ನಗರಕ್ಕೆ ಮಂಜೀರಾ, ಕೃಷ್ಣಾ, ಗೋದಾವರಿಯ ನೀರು ಬರುತ್ತದೆ. ಆದರೆ ಗಚ್ಚಿಬೌಲಿ, ಕೊಂಡಾಪುರ, ಮಿಯಾಪುರದ ಕಡೆಯ ಎಷ್ಟೋ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ನಲ್ಲಿ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಮೂರೂ ಬೆರೆತಿರುತ್ತವೆ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಅದನ್ನು ಗಡಸಾಗಿಸುವುದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ (ಐಎಸ್ 10500) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಆ ಮೇಲಿನ ಮಿತಿ ಕುಡಿಯುವವರಿಗೆ. ಗೀಸರಿನ ಕಾಯಿಲ್‌ಗೆ 300 ಕೂಡ ಹೆಚ್ಚೇ.

ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಅಳೆಯುವುದು ಕರಗಿದ ಒಟ್ಟು ಲವಣವನ್ನು, ಗಡಸುತನವನ್ನಲ್ಲ. ಗಡಸುತನಕ್ಕೆ ಬೇರೆಯೇ ಟೆಸ್ಟ್ ಸ್ಟ್ರಿಪ್ ಬರುತ್ತದೆ. ಎರಡೂ ಇಲ್ಲದಿದ್ದರೆ ಎಲೆಕ್ಟ್ರಿಕ್ ಕೆಟಲ್ ತಳ ನೋಡಿ. ಒಂದು ತಿಂಗಳಲ್ಲಿ ಬಿಳಿ ಪದರ ಕಟ್ಟಿದ್ದರೆ ಗೀಸರ್, ವಾಷಿಂಗ್ ಮಷಿನ್, ಶವರ್, ಎಲ್ಲದರೊಳಗೂ ಅದೇ ಕಟ್ಟುತ್ತಿದೆ.

ಇದಕ್ಕೆ ಮದ್ದು ಕಿರಾಣಿ ಅಂಗಡಿಯಲ್ಲೇ ಇದೆ: ಸಿಟ್ರಿಕ್ ಆಸಿಡ್. ನಾವು ನಿಂಬೆ ಉಪ್ಪು ಅನ್ನುವುದನ್ನು ತೆಲುಗಿನವರು ನಿಮ್ಮ ಉಪ್ಪು ಅನ್ನುತ್ತಾರೆ, ಹಾಗಾಗಿ ಅಂಗಡಿಯಲ್ಲಿ ಭಾಷೆಯ ತೊಡಕಿಲ್ಲ. ಕೆಟಲ್‌ಗೆ ಎರಡು ಚಮಚ ಹಾಕಿ ನೀರು ಕುದಿಸಿ ಅರ್ಧ ಗಂಟೆ ಬಿಟ್ಟರೆ ತಳ ಹೊಳೆಯುತ್ತದೆ. ಶವರ್ ತಲೆಯನ್ನು ಬಿಚ್ಚಿ ಅದೇ ನೀರಿನಲ್ಲಿ ನೆನೆಹಾಕಿದರೆ ಮುಚ್ಚಿದ ತೂತುಗಳು ತೆರೆದುಕೊಳ್ಳುತ್ತವೆ. ಎರಡು ಎಚ್ಚರಿಕೆ: ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಕ್ಲೀನರ್ ಜೊತೆ ಇದನ್ನು ಬೆರೆಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮಾರ್ಬಲ್ ನೆಲದ ಮೇಲೆ ಚೆಲ್ಲಿದರೆ ಕಲೆ ಶಾಶ್ವತ.

ಯುಗಾದಿ: ಬಿಸಿಲಿಗೆ ಮುನ್ನ

ಬೇವು-ಬೆಲ್ಲ ತಿಂದ ವಾರದಲ್ಲೇ ಎಸಿ ಶುರುವಾಗುತ್ತದೆ. ಏಪ್ರಿಲ್ ಕೊನೆಗೆ ಹೊರಗೆ 40 ಡಿಗ್ರಿ ದಾಟಿದ ಮೇಲೆ ಟೆಕ್ನಿಷಿಯನ್ ಸಿಗುವುದು ಕಷ್ಟ, ಸಿಕ್ಕರೂ ಅವನಿಗೆ ನಿಂತು ಕೆಲಸ ಮಾಡುವ ಪುರುಸೊತ್ತು ಇರುವುದಿಲ್ಲ. ಸರ್ವಿಸ್ ಯುಗಾದಿಗೆ ಮೊದಲೇ ಆಗಲಿ. ಒಳಗಿನ ಯೂನಿಟ್‌ನ ಜಾಲರಿ ಫಿಲ್ಟರ್ ತೊಳೆಯುವುದು ಮಾತ್ರ ನಮ್ಮದೇ ಕೆಲಸ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ. ನಲ್ಲಿ ಕೆಳಗೆ ಹಿಡಿದು ತೊಳೆದು ನೆರಳಲ್ಲಿ ಒಣಗಿಸಿ ಹಾಕಿದರೆ ಸಾಕು. ಹೊರಗಿನ ಯೂನಿಟ್ ಇಟ್ಟ ಯುಟಿಲಿಟಿ ಬಾಲ್ಕನಿಯಲ್ಲಿ ಹಳೆ ರಟ್ಟಿನ ಡಬ್ಬ, ಒಣಗಲು ಹಾಕಿದ ಬಟ್ಟೆ ಅದರ ಉಸಿರು ಕಟ್ಟಿಸದಿರಲಿ. 2020ರಿಂದ ಸ್ಟಾರ್ ರೇಟಿಂಗ್ ಇರುವ ಎಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರುತ್ತವೆ. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ. 6 ವಿದ್ಯುತ್ ಉಳಿತಾಯ ಎನ್ನುತ್ತದೆ ಇಂಧನ ದಕ್ಷತಾ ಬ್ಯೂರೋ.

ಇನ್ವರ್ಟರ್ ಬ್ಯಾಟರಿಗೆ ಬಿಸಿಲೇ ಶತ್ರು. ಸುತ್ತಲಿನ ಶಾಖ ಹತ್ತು ಡಿಗ್ರಿ ಏರಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಆ ಕಸುಬಿನವರ ಲೆಕ್ಕ. ಬಾಲ್ಕನಿಯ ಬಿಸಿಲಿನಲ್ಲಿಟ್ಟಿದ್ದರೆ ನೆರಳಿಗೆ ತನ್ನಿ, ಹಾಗೆಂದು ಬಾಗಿಲು ಮುಚ್ಚಿದ ಕಪಾಟಿನಲ್ಲಿಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಗಾಳಿಯಾಡಬೇಕು. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. "ಆರ್‌ಒ ನೀರೂ ಶುದ್ಧವೇ ಅಲ್ವಾ?" ಎಂದು ಕೇಳುವವರಿದ್ದಾರೆ. ಕುಡಿಯುವುದಕ್ಕೆ ಶುದ್ಧ, ಬ್ಯಾಟರಿಗಲ್ಲ, ಅದರಲ್ಲೂ ಲವಣವಿದೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಇನ್ವರ್ಟರನ್ನು ಪೂರ್ತಿ ಆಫ್ ಮಾಡಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ.

ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಬಂತೆಂದರೆ ನಮ್ಮವರ ಕಾರುಗಳೆಲ್ಲ ಊರಿನ ಕಡೆ. ಬೆಂಗಳೂರಿಗೆ ಹೆದ್ದಾರಿ 44ರಲ್ಲಿ ಸುಮಾರು 570 ಕಿ.ಮೀ., ಅದೂ ಕರ್ನೂಲು-ಅನಂತಪುರದ ಬಿಸಿಲಿನಲ್ಲಿ. ಹೊರಡುವ ಮುನ್ನ ಟೈರ್ ನೋಡಿ. ಗಾಳಿಯ ಒತ್ತಡವನ್ನು ಗಾಡಿ ಓಡಿಸುವ ಮೊದಲು, ಟೈರ್ ತಣ್ಣಗಿದ್ದಾಗ ಅಳೆಯಬೇಕು. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿರುತ್ತದೆ. ಟೈರ್ ಮೇಲೆ ಅಚ್ಚಾಗಿರುವ ಸಂಖ್ಯೆ ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ನೋಡಿ ಗಾಳಿ ಹಾಕಿಸಬೇಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತೂ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿಗೆರೆಗಳು ಚೆನ್ನಾಗಿದ್ದರೂ ಆರೇಳು ವರ್ಷದ ರಬ್ಬರ್ ಗಟ್ಟಿಯಾಗಿರುತ್ತದೆ, ಬಿಸಿ ರಸ್ತೆಯಲ್ಲಿ ಸಿಡಿಯುವುದು ಅಂಥವೇ. ಸ್ಟೆಪ್ನಿಯ ವಯಸ್ಸನ್ನೂ ನೋಡಿ.

ಕೂಲೆಂಟ್ ಕಡಿಮೆಯಾಗಿದ್ದರೆ ಕಂಪನಿ ಹೇಳಿದ ಕೂಲೆಂಟನ್ನೇ ತುಂಬಿಸಿ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಬೋರ್‌ವೆಲ್ ನೀರು ಹಾಕಿಕೊಂಡಿದ್ದರೆ ಊರು ಸೇರಿದ ಕೂಡಲೇ ಬದಲಾಯಿಸಿ. ಕೆಟಲ್ ತಳದ ಅದೇ ಬಿಳಿ ಪದರ ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಕಟ್ಟಿದರೆ ಉಜ್ಜಿ ತೆಗೆಯಲಾಗುವುದಿಲ್ಲ. ಇಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು, ಒಳಗಿನ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಮೃಗಶಿರ: ಮಳೆಗೆ ಮುನ್ನ

ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ನಮ್ಮ ರೈತರು ಮೃಗಶಿರ ಮಳೆಗೆ ಕಾಯುತ್ತಾರೆ. ಹೈದರಾಬಾದಿನಲ್ಲಿ ಮೃಗಶಿರ ಕಾರ್ತೆಗೆ ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಅಸ್ತಮಾಕ್ಕೆ ಮೀನಿನ ಪ್ರಸಾದ ನುಂಗಲು ಜನ ಸಾಲುಗಟ್ಟುತ್ತಾರೆ. ಆ ವಾರ ಕಾರಿನ ವೈಪರ್ ಬ್ಲೇಡ್ ನೋಡಿ. ಮೂರು ತಿಂಗಳ ಬಿಸಿಲಿಗೆ ರಬ್ಬರ್ ಸೀಳಿರುತ್ತದೆ. ಅದು ನಮಗೆ ಗೊತ್ತಾಗುವುದು ಔಟರ್ ರಿಂಗ್ ರೋಡಿನಲ್ಲಿ ಮೊದಲ ಜೋರು ಮಳೆ ಹೊಡೆದಾಗ. ಬ್ರೇಕ್ ಪ್ಯಾಡ್, ಹೆಡ್‌ಲೈಟ್, ಬ್ರೇಕ್ ಲೈಟ್ ಎಲ್ಲವನ್ನೂ ಅಂದೇ ಪರೀಕ್ಷಿಸಿ. ಮಳೆ ಶುರುವಾದರೆ ಇಲಿಗಳು ಬಾನೆಟ್ ಒಳಗಿನ ಬೆಚ್ಚನೆ ಜಾಗ ಹುಡುಕಿಕೊಂಡು ಬಂದು ವೈರು ಕಡಿಯುತ್ತವೆ. ಸೆಲ್ಲಾರಿನಲ್ಲಿ ಗಾಡಿ ನಿಲ್ಲಿಸುವವರು ವಾರಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ನೋಡುವುದು ಒಳ್ಳೆಯದು.

ಸೆಲ್ಲಾರಿನ ಮಾತಿಗೇ ಬರೋಣ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸಾವಿರಾರು ಜನ ಸತ್ತರು. ಮತ್ತೆ ಹಾಗಾಗದಂತೆ ಯೋಜನೆ ಮಾಡಲು ನಿಜಾಮರ ಸರ್ಕಾರ ಕರೆಸಿಕೊಂಡದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಅವರ ಸಲಹೆಯ ಫಲ. ಆ ಜಲಾಶಯಗಳು ತಡೆಯುವುದು ಮೇಲಿನಿಂದ ಬರುವ ನದಿ ನೀರನ್ನು. ನಗರದ ಮೇಲೆಯೇ ಬಿದ್ದ ಮಳೆ ಹರಿದುಹೋಗಲು ಜಾಗವಿಲ್ಲದಿದ್ದರೆ ಅವು ಏನು ಮಾಡಿಯಾವು? 2020ರ ಅಕ್ಟೋಬರ್ 13-14ರಂದು ಆದದ್ದು ಅದೇ. ಘಟ್‌ಕೇಸರ್ ಕಡೆ ಒಂದೇ ದಿನ 30 ಸೆಂ.ಮೀ.ಗೂ ಹೆಚ್ಚು ಮಳೆಯಾಯಿತು. ಬಡಾವಣೆಗಳಲ್ಲಿ ಕಾರುಗಳು ತೇಲಿದವು, ಸೆಲ್ಲಾರುಗಳು ಕೆರೆಯಾದವು.

ಕಾರು ನೀರಿನಲ್ಲಿ ನಿಂತಿದ್ದರೆ ನೀರಿಳಿದ ಮೇಲೆ ಮೊದಲು ಮನಸ್ಸಾಗುವುದು ಕೀಲಿ ತಿರುಗಿಸಿ ನೋಡೋಣ ಎಂದು. ಆ ಒಂದು ಕೆಲಸ ಮಾಡಬೇಡಿ. ಸಿಲಿಂಡರ್ ಒಳಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಲಾರದು. ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ನೇ ಹೋಗುತ್ತದೆ. ನೆನೆದ ಕಾರನ್ನು ಸ್ಟಾರ್ಟ್ ಮಾಡದೆ ವರ್ಕ್‌ಶಾಪಿಗೆ ಕಳಿಸಿದರೆ ಎಷ್ಟೋ ಸಲ ಎಣ್ಣೆ, ಫಿಲ್ಟರ್ ಬದಲಾಯಿಸಿ, ಒಳಗೆ ಒಣಗಿಸಿ ಉಳಿಸಿಕೊಳ್ಳಬಹುದು. ಮಾಡಬೇಕಾದದ್ದು ಇಷ್ಟು: ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಕಾಣುವಂತೆ ಫೋಟೋ ತೆಗೆಯಿರಿ, ಕೈಗೆ ಸುಲಭವಾಗಿ ಸಿಗುವಂತಿದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ವಿಮೆಯವರಿಗೆ ತಿಳಿಸಿ, ಗಾಡಿಯನ್ನು ಪೂರ್ತಿ ಮೇಲೆತ್ತಿ ಒಯ್ಯುವ ಟೋಯಿಂಗ್ ವಾಹನ ಕರೆಸಿ. ಎಲೆಕ್ಟ್ರಿಕ್ ಕಾರು-ಸ್ಕೂಟರ್ ನೀರಿನಲ್ಲಿ ಮುಳುಗಿದ್ದರೆ ಹತ್ತಿರ ಹೋಗದೆ, ಚಾರ್ಜಿಗೂ ಹಾಕದೆ ಕಂಪನಿಯವರನ್ನೇ ಕರೆಯಿರಿ.

ವಿಮೆಯ ಕಾಗದವನ್ನು ಈ ಭಾನುವಾರವೇ ಓದಿ. ಸಾಮಾನ್ಯ ಕಾಂಪ್ರಿಹೆನ್ಸಿವ್ ಪಾಲಿಸಿಯಲ್ಲಿ ಪ್ರವಾಹದ ಹಾನಿ ಸೇರಿರುತ್ತದೆ, ಆದರೆ ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಕೆಡಿಸಿಕೊಂಡದ್ದು ಸಾಮಾನ್ಯವಾಗಿ ಸೇರುವುದಿಲ್ಲ. ಅದಕ್ಕೆ ಇಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಆಡ್-ಆನ್ ಬೇಕು. ಝೀರೋ ಡಿಪ್ರಿಸಿಯೇಷನ್ ತೆಗೆದುಕೊಂಡಿದ್ದೇವೆ, ಎಲ್ಲ ಬರುತ್ತದೆ ಎಂದುಕೊಂಡವರು ಬಹಳ. ಅದು ಬೇರೆ, ಇದು ಬೇರೆ. ಸೆಲ್ಲಾರಿನಲ್ಲಿ ಗಾಡಿ ನಿಲ್ಲಿಸುವವರಿಗೆ ಈ ಆಡ್-ಆನ್ ದುಬಾರಿಯಲ್ಲ.

ಆಯುಧ ಪೂಜೆ: ಚಳಿಗೆ ಮುನ್ನ

ಹಾರ ಹಾಕುವ ಮುನ್ನ ಕಾರಿನ ತಳಭಾಗವನ್ನು ನೀರಿನ ಒತ್ತಡದಲ್ಲಿ ತೊಳೆಸಿ, ಮಳೆಗಾಲದ ಕೆಸರು ಅಲ್ಲೇ ಕೂತು ತುಕ್ಕು ಹಿಡಿಸುತ್ತದೆ. ಕಾರಿನ ಮಟ್ಟಿಗೆ ಅಷ್ಟೇ. ಈ ಹಬ್ಬದ ಮುಖ್ಯ ದೇವರು ಗೀಸರ್.

ಬಹುತೇಕ ಸ್ಟೋರೇಜ್ ಗೀಸರ್‌ಗಳ ಟ್ಯಾಂಕಿನೊಳಗೆ ಮೆಗ್ನೀಸಿಯಂನ ಒಂದು ಸರಳು ಇರುತ್ತದೆ. ಹೆಸರು ಆನೋಡ್ ರಾಡ್. ನೀರು ಟ್ಯಾಂಕಿನ ಲೋಹವನ್ನು ತಿನ್ನುವ ಬದಲು ಇದನ್ನು ತಿನ್ನಲಿ ಎಂದೇ ಇಟ್ಟಿರುವುದು. ಅದು ಸವೆದು ಮುಗಿದ ಮೇಲೆ ನೀರು ಟ್ಯಾಂಕಿಗೆ ಬಾಯಿ ಹಾಕುತ್ತದೆ. ಗಡಸು ನೀರಿರುವ ಮನೆಯಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಬೇಕು. ಅದೇ ಹೊತ್ತಿಗೆ ಕಾಯಿಲ್ ಮೇಲಿನ ಪದರ ತೆಗೆಸಿ, ತಳದ ಗಸಿ ಹೊರಹಾಕಿಸಬೇಕು. ಬಂದ ಹುಡುಗ ಹೊರಗಿನಿಂದ ಒರೆಸಿ "ಸರ್ವಿಸ್ ಆಯ್ತು ಸರ್" ಅಂದರೆ ಆನೋಡ್ ತೋರಿಸಪ್ಪಾ ಎಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಕೆಲಸವೂ ಬೇರೆ ಥರ ನಡೆಯುತ್ತದೆ. ನೀರು ಕಾಯುವಾಗ ಒಳಗೆ ಕಟಕಟ ಸದ್ದು ಬರುವುದು, ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು ಪದರ ಕಟ್ಟಿದ ಲಕ್ಷಣ. ಥರ್ಮೋಸ್ಟಾಟ್ 50-55 ಡಿಗ್ರಿಯಲ್ಲಿರಲಿ. 60 ದಾಟಿದರೆ ಪದರ ಬೇಗ ಕಟ್ಟುತ್ತದೆ. ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ಹನಿ ತೊಟ್ಟಿಕ್ಕುವುದು ಸಹಜ. ಅದನ್ನು ಎಂ-ಸೀಲ್ ಹಚ್ಚಿ ಮುಚ್ಚಿದರೆ ಒಳಗಿನ ಒತ್ತಡಕ್ಕೆ ದಾರಿಯಿಲ್ಲದೆ ಗೀಸರ್ ಸಿಡಿಯಬಹುದು.

ಇನ್ನು ಶಾಕ್. ಎಂಸಿಬಿ ಕಾಪಾಡುವುದು ಮನೆಯ ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ವಿದ್ಯುತ್ ದಾರಿ ತಪ್ಪಿ ಮೈಮೂಲಕ ಹರಿಯತೊಡಗಿದರೆ, ಮನೆಗೆ ಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕ್ಷಣದಲ್ಲಿ ಲೈನ್ ಕತ್ತರಿಸುತ್ತದೆ. ಸ್ವಿಚ್ ಬೋರ್ಡಿನಲ್ಲಿ ಉಳಿದವುಗಳಿಗಿಂತ ಅಗಲವಾಗಿ, ಇಂಗ್ಲಿಷಿನ ಟಿ ಅಕ್ಷರದ ಪುಟ್ಟ ಗುಂಡಿ ಇರುವುದೇ ಅದು. ತಿಂಗಳಿಗೊಮ್ಮೆ ಆ ಗುಂಡಿ ಒತ್ತಬೇಕು. ತಕ್ಷಣ ಕರೆಂಟ್ ಹೋದರೆ ಆರ್‌ಸಿಸಿಬಿ ಸರಿಯಿದೆ, ಲಿವರ್ ಮೇಲೆತ್ತಿದರೆ ಆಯಿತು. ಹೋಗದಿದ್ದರೆ ಅಂದೇ ಎಲೆಕ್ಟ್ರಿಷಿಯನ್ ಕರೆಸಿ, ಬದಲಾಯಿಸುವವರೆಗೆ ಗೀಸರ್ ಆಫ್ ಮಾಡಿಯೇ ಸ್ನಾನ ಮಾಡಿ. ಅರ್ತಿಂಗ್ ಸರಿಯಿದೆಯೇ ಎಂದೂ ಅವನಿಂದಲೇ ಅಳೆಸಿ. ಗ್ಯಾಸ್ ಗೀಸರ್ ಇರುವವರಿಗೆ ಒಂದೇ ಮಾತು: ಅದು ಬಚ್ಚಲುಮನೆಯ ಒಳಗೆ ಇರಬಾರದು. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ವಾಷಿಂಗ್ ಮಷಿನ್‌ಗೆ ಖಾಲಿ ಡ್ರಮ್‌ನಲ್ಲಿ ನೂರು ಗ್ರಾಂ ನಿಂಬೆ ಉಪ್ಪು ಹಾಕಿ, ಬಿಸಿ ನೀರಿನ ಒಂದು ಸುತ್ತು ಓಡಿಸಿ. ಕಂಪನಿಯ ಕೈಪಿಡಿ ಬೇರೆ ಪುಡಿ ಹೇಳಿದ್ದರೆ ಅದನ್ನೇ ಬಳಸಿ. ನೀರು ಬರುವ ಪೈಪಿನ ತುದಿಯ ಜಾಲರಿಯಲ್ಲಿ ಮರಳು ಕೂತಿರುತ್ತದೆ, ನಲ್ಲಿ ಬಂದ್ ಮಾಡಿ ಬಿಚ್ಚಿ ತೊಳೆಯಿರಿ. "ನೀರು ಬರ್ತಿಲ್ಲ" ಎಂದು ತೋರಿಸುವ ಎರರ್‌ಗೆ ಬಹಳಷ್ಟು ಸಲ ಇದೇ ಕಾರಣ.

ಅಡುಗೆಮನೆಯಲ್ಲಿ ಗ್ಯಾಸ್ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ. ಸುರಕ್ಷಾ ಹೋಸ್‌ನ ಆಯಸ್ಸು ಐದು ವರ್ಷ. ಸಿಲಿಂಡರಿನ ಕುತ್ತಿಗೆ ಪಟ್ಟಿಯ ಒಳಗೆ ಎ, ಬಿ, ಸಿ, ಡಿ ಪೈಕಿ ಒಂದು ಇಂಗ್ಲಿಷ್ ಅಕ್ಷರ, ಜೊತೆಗೆ ಇಸವಿ ಬರೆದಿರುತ್ತದೆ. ಎ ಎಂದರೆ ವರ್ಷದ ಮೊದಲ ಮೂರು ತಿಂಗಳು, ಡಿ ಎಂದರೆ ಕೊನೆಯ ಮೂರು. ಆ ಸಿಲಿಂಡರನ್ನು ಮರುಪರೀಕ್ಷೆ ಮಾಡಬೇಕಾದ ಗಡುವು ಅದು. ಗಡುವು ದಾಟಿದ್ದನ್ನು ತಂದರೆ ಬಾಗಿಲಲ್ಲೇ ವಾಪಸ್ ಕಳಿಸಿ.

ಸಂಕ್ರಾಂತಿ: ಊರಿನ ಯಂತ್ರಗಳು

ಸಂಕ್ರಾಂತಿಗೆ ಹೈದರಾಬಾದ್ ಅರ್ಧ ಖಾಲಿ. ನಾವೂ ಊರಿಗೆ ಹೋಗುತ್ತೇವೆ. ಅಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲು ಹೆರೆಯುವ ಮಷಿನ್, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಬಿದ್ದಿರುತ್ತವೆ. ಸೀಸನ್ ಮುಗಿದಿರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಉಳಿದಿರುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರ್ಪಟ್ಟು ತಳಕ್ಕಿಳಿದು ಕಾರ್ಬ್ಯುರೇಟರ್ ಕೆಡುತ್ತದೆ. ಮುಂದಿನ ಮಳೆಗಾಲದಲ್ಲಿ ಅಪ್ಪ ಹಗ್ಗ ಎಳೆದೂ ಎಳೆದೂ ಸುಸ್ತಾಗುವುದು ಇದರಿಂದಲೇ. ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದುಹೋಗಿ ಅದಾಗಿಯೇ ನಿಲ್ಲುವವರೆಗೆ ಇಂಜಿನ್ ಓಡಿಸಿ ಇಡಿ.

ಟೂ ಸ್ಟ್ರೋಕ್ ಮಷಿನ್ ಆದರೆ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಬೇಕು. 50ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಫೋರ್ ಸ್ಟ್ರೋಕಿಗೆ ಬೆರೆಸಬಾರದು, ಅದರ ಆಯಿಲ್‌ಗೆ ಬೇರೆ ಜಾಗವಿದೆ. ಈ ಲೆಕ್ಕವನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ಮಷಿನ್ ಇಡುವ ಗೋಡೆಗೆ ಅಂಟಿಸಿ ಬನ್ನಿ. ತೋಟಕ್ಕೆ ಕೆಲಸಕ್ಕೆ ಬರುವವರಿಗೂ ಅನುಕೂಲ. ಏರ್ ಫಿಲ್ಟರಿನ ಸ್ಪಂಜನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಬ್ಲೇಡ್ ಹತ್ತಿರದ ಗೇರ್ ಹೆಡ್‌ಗೆ ಗ್ರೀಸ್ ತುಂಬಿ. ಬ್ಲೇಡ್ ಮುಟ್ಟುವ ಮುನ್ನ ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದು ತೆಗೆಯಲೇಬೇಕು.

ನಗರದಲ್ಲಿ ತಾರಸಿ ತೋಟ ಮಾಡಿರುವವರಿಗೂ (ಇಲ್ಲಿಯವರು ಮಿದ್ದೆ ತೋಟ ಅನ್ನುತ್ತಾರೆ) ಈ ಭಾನುವಾರ ಕೆಲಸವಿದೆ. ಹನಿ ನೀರಾವರಿಯ ಡ್ರಿಪ್ಪರ್‌ಗಳು ಗಡಸು ನೀರಿಗೆ ಮುಚ್ಚಿಕೊಂಡಿರುತ್ತವೆ. ಕಿತ್ತು ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆದು ಹಾಕಿ.

ಬಾಡಿಗೆ ಮನೆ, ಬಿಡಿಭಾಗ, ಒಂದು ಹಾಳೆ

ಬಾಡಿಗೆ ಮನೆಯಲ್ಲಿ ಗೀಸರ್, ಆರ್‌ಸಿಸಿಬಿ, ವೈರಿಂಗ್ ಓನರ್‌ದು. ಸರ್ವಿಸ್ ಖರ್ಚು ಯಾರದ್ದು, ಬದಲಾಯಿಸುವ ಖರ್ಚು ಯಾರದ್ದು ಎಂದು ಕರಾರು ಮಾಡಿಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳಿ. ಕೆಟ್ಟದ್ದನ್ನು ಫೋನಿನಲ್ಲಿ ಹೇಳಿ ಬಿಡಬೇಡಿ, ಫೋಟೋ ಸಮೇತ ವಾಟ್ಸಾಪ್ ಮಾಡಿ. ಶಾಕ್ ಹೊಡೆಯುವ ವಿಷಯವಾದರೆ ಮಾತ್ರ ಓನರ್ ಒಪ್ಪಲಿ ಎಂದು ಕಾಯದೆ ಮೊದಲು ರಿಪೇರಿ ಮಾಡಿಸಿ, ಲೆಕ್ಕ ಆಮೇಲೆ ನೋಡಿಕೊಳ್ಳಿ.

ಬಿಡಿಭಾಗ ಬೇಕಾದರೆ ವಿದ್ಯುತ್ ಸಾಮಾನಿಗೆ ಕೋಟಿಯ ಟ್ರೂಪ್ ಬಜಾರ್, ಮೋಟಾರು-ಪಂಪಿಗೆ ಸಿಕಂದರಾಬಾದಿನ ರಾಣಿಗಂಜ್, ಗಾಡಿ ಭಾಗಗಳಿಗೆ ಪುತ್ಲಿಬೌಲಿ ಇವೆ. ಹಳೆ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಹೆಸರು ಗೊತ್ತಿಲ್ಲದಿದ್ದರೂ ಕೆಲಸವಾಗುತ್ತದೆ. ಮೆಕ್ಯಾನಿಕ್ ಏನಾದರೂ ಬದಲಾಯಿಸಿದರೆ ಹಳೆಯದನ್ನು ವಾಪಸ್ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಜಗಳವೇ ಆಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ಹೊತ್ತು ಬಂದರೆ ಕೈಯಲ್ಲಿರಬೇಕಾದದ್ದು ಆ ಕಾಗದ.

ಕೊನೆಗೆ, ಬೀರುವಿನ ಬಾಗಿಲ ಒಳಬದಿಗೆ ಒಂದು ಹಾಳೆ ಅಂಟಿಸಿ. ಯಂತ್ರದ ಹೆಸರು, ಕೊಂಡ ತಿಂಗಳು, ಕೊನೆಯ ಸರ್ವಿಸ್, ಏನು ಬದಲಾಯಿತು, ಎಷ್ಟಾಯಿತು. ಐದೇ ಕಾಲಂ. ಎಕ್ಸೆಲ್‌ನಲ್ಲಿ ಮಾಡಿದರೆ ನಮಗೊಬ್ಬರಿಗೆ ಕಾಣುತ್ತದೆ. ಬೀರುವಿನ ಮೇಲಿದ್ದರೆ ನಾವು ಆಫೀಸಿನಲ್ಲಿರುವಾಗ ಟೆಕ್ನಿಷಿಯನ್ ಬಂದರೂ ಮನೆಯಲ್ಲಿರುವ ಅಮ್ಮನೋ ಅತ್ತೆಯೋ ಓದಿ ಹೇಳಬಲ್ಲರು.

ಮುಂದಿನ ಹಬ್ಬ ಯಾವುದೋ, ಅಲ್ಲಿಂದ ಶುರುಮಾಡಿ. ಆರ್‌ಸಿಸಿಬಿಯ ಗುಂಡಿಯನ್ನು ಮಾತ್ರ ಹಬ್ಬಕ್ಕೆ ಕಾಯದೆ ಇವತ್ತೇ ಒತ್ತಿ ನೋಡಿ. ಲಿಫ್ಟಿನಲ್ಲಿ ಸಿಗುವ ಪಕ್ಕದ ಮನೆಯವರಿಗೂ ಹೇಳಿ.